ಎರಕದ ಗುಂಡು ಹಾಕಿದಾಗ ಕೇಸ್ ಉಬ್ಬುವುದೇಕೆ? ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಪಿಸ್ತೂಲಿನಿಂದ ಬಿಚ್ಚಿದ ಬ್ಯಾರೆಲ್ಲಿನ ಚೇಂಬರಿಗೆ (ತೋಟಾ ಕೂರುವ ಹಿಂಭಾಗಕ್ಕೆ) ತೋಟಾವನ್ನು ಬಿಟ್ಟರೆ ಅದು 'ಟಣ್' ಎಂದು ತಳಕ್ಕೆ ಕೂರಬೇಕು. ಎರಕದ (ಸೀಸ ಕರಗಿಸಿ ಅಚ್ಚಿಗೆ ಹೊಯ್ದ) ಗುಂಡಿನಿಂದ ರೀಲೋಡಿಂಗ್ (ಹಾರಿಸಿದ ಖಾಲಿ ಕೇಸನ್ನು ಮತ್ತೆ ತುಂಬುವುದು) ಶುರುಮಾಡಿದವರಿಗೆ ಬಹಳ ಸಲ ಆ ಸದ್ದು ಕೇಳಿಸುವುದೇ ಇಲ್ಲ. ತೋಟಾ ಒಂದೆರಡು ಮಿಲಿಮೀಟರ್ ಮೇಲೆಯೇ ನಿಂತುಬಿಡುತ್ತದೆ. ಹೊರಗೆ ತೆಗೆದು ಬೆಳಕಿಗೆ ಹಿಡಿದರೆ ಕೇಸಿನ (ತೋಟಾದ ಹಿತ್ತಾಳೆ ಕೋಶದ) ಮೈಮೇಲೆ ಒಂದು ಉಬ್ಬು ಕಾಣುತ್ತದೆ.

ನನಗೂ ಹೀಗೇ ಆಗಿತ್ತು. 9 ಎಂಎಂ ತೋಟಾಕ್ಕೆ ಮೊದಲ ಸಲ ಎರಕದ ಗುಂಡು ಹಾಕಿದಾಗ ಕಾಲು ಭಾಗ ತೋಟಾಗಳು ಚೇಂಬರಿಗೆ ಇಳಿಯಲಿಲ್ಲ. ತುಂಬಿದ ತೋಟಾವನ್ನು ಕಾರ್ಬೈಡ್ ಉಂಗುರದೊಳಗೆ ತೂರಿಸಿ ಹೊರಗಿನಿಂದ ಹಿಂಡುವ ಕ್ರಿಂಪ್ ಡೈ (ಕೇಸಿನ ಬಾಯಿಯನ್ನು ಗುಂಡಿಗೆ ಒತ್ತಿ ಮುಚ್ಚುವ ಅಚ್ಚು) ಒಂದನ್ನು ತಂದು ಎಲ್ಲವನ್ನೂ ಅದರಲ್ಲಿ ಹಾಕಿ ತೆಗೆದೆ. ಎಲ್ಲವೂ ಸಲೀಸಾಗಿ ಇಳಿದವು. ಆದರೆ ಗುರಿಹಲಗೆಯಲ್ಲಿ ಗುಂಡುಗಳು ಚೆಲ್ಲಾಪಿಲ್ಲಿಯಾದವು, ಬ್ಯಾರೆಲ್ಲಿನ ಒಳಗೆ ಸೀಸ ಮೆತ್ತಿಕೊಂಡಿತು. ಉಳಿದ ತೋಟಾಗಳಿಂದ ಗುಂಡು ಕಿತ್ತು ಅಳೆದೆ. 0.357 ಇಂಚು ಇದ್ದ ಗುಂಡು 0.354ಕ್ಕೆ ಇಳಿದಿತ್ತು. ಉಬ್ಬು ಹೋಗಿತ್ತು, ಜೊತೆಗೆ ಗುಂಡೂ ಹಾಳಾಗಿತ್ತು.

ಅವತ್ತಿನಿಂದ ನಾನು ಪಾಲಿಸುವುದು ಇಷ್ಟೇ: ಉಬ್ಬನ್ನು ಹೊರಗಿನಿಂದ ಹಿಂಡಲು ಹೋಗಬಾರದು. ಅದು ಕೇಸಿನ ಯಾವ ಜಾಗದಲ್ಲಿದೆ ಎಂದು ಮೊದಲು ನೋಡಬೇಕು. ಜಾಗ ಗೊತ್ತಾದರೆ ಕಾರಣ ಮುಕ್ಕಾಲು ಪಾಲು ಗೊತ್ತಾದಂತೆ.

ಎರಕದ ಗುಂಡಿಗೇ ಯಾಕೆ ಈ ತೊಂದರೆ?

ತಾಮ್ರದ ಜಾಕೆಟ್ ಇರುವ ಗುಂಡಿಗಿಂತ ಎರಕದ ಸೀಸದ ಗುಂಡು ಬೇಕೆಂದೇ ದಪ್ಪಗಿರುತ್ತದೆ. ಬ್ಯಾರೆಲ್ಲಿನ ಗಾಡಿಗಳಿಗೆ (ಒಳಗೋಡೆಯಲ್ಲಿ ಸುರುಳಿಯಾಗಿ ಕೊರೆದ ತೋಡುಗಳಿಗೆ) ಅದು ಬಿಗಿಯಾಗಿ ಕೂರದಿದ್ದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ಕರಗಿಸಿ ಕೊರೆಯುತ್ತದೆ. ಹಾಗಾಗಿ ಬ್ಯಾರೆಲ್ಲಿನ ಗಾಡಿಯ ಅಳತೆಗಿಂತ ಒಂದೆರಡು ಥೌ ಜಾಸ್ತಿ ಇಡುತ್ತಾರೆ. (ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ, ಲೇಥ್ ಕೆಲಸದವರ ಮಾತು.) 9 ಎಂಎಂ ಜಾಕೆಟ್ ಗುಂಡು 0.355 ಇಂಚಾದರೆ ಎರಕದ್ದು 0.356ರಿಂದ 0.358. .45 ಎಸಿಪಿ ತೋಟಾದಲ್ಲಿ 0.451ರ ಬದಲು 0.452. .38 ಸ್ಪೆಷಲ್‌ನಲ್ಲಿ 0.357ರ ಬದಲು 0.358.

ಇನ್ನೂ ಎರಡು ವಿಷಯಗಳಿವೆ. ಎರಕದ ಗುಂಡಿನ ತಳ ಬಹಳ ಸಲ ಚಪ್ಪಟೆಯಾಗಿರುತ್ತದೆ, ಅದರ ಅಂಚು ಚೂಪಾಗಿರುತ್ತದೆ. ಕೇಸಿನ ಬಾಯಿಗೆ ಅದು ಸುಲಭವಾಗಿ ತಗುಲಿಕೊಳ್ಳುತ್ತದೆ. ಜೊತೆಗೆ ಸೀಸ ಮೆತ್ತಗೆ. ಹಿತ್ತಾಳೆಯ ಕೇಸ್ ಒತ್ತಿದ ಕಡೆಗೆ ಅದು ಮಣಿಯುತ್ತದೆ. ಆದರೆ ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಡೈ ಸೆಟ್‌ಗಳನ್ನು ಜಾಕೆಟ್ ಗುಂಡನ್ನು ಮನಸ್ಸಿನಲ್ಲಿಟ್ಟು ಮಾಡಿರುತ್ತಾರೆ. ತೊಂದರೆಯ ಬೇರು ಇಲ್ಲೇ ಇದೆ.

ಎಲ್ಲ ಉಬ್ಬೂ ದೋಷವಲ್ಲ

ಸೈಜಿಂಗ್ ಡೈನಿಂದ (ಹಾರಿಸಿದ ಕೇಸನ್ನು ಹಿಂಡಿ ಮೂಲ ಅಳತೆಗೆ ತರುವ ಅಚ್ಚು) ಬಂದ ಕೇಸಿನ ಒಳ ಅಳತೆ ಗುಂಡಿಗಿಂತ ಚಿಕ್ಕದು. ಗುಂಡು ಒಳಗೆ ಹೋದಷ್ಟು ದೂರ ಕೇಸ್ ಹಿಗ್ಗುತ್ತದೆ, ಅದರ ಕೆಳಗೆ ಸಪೂರವಾಗಿಯೇ ಉಳಿಯುತ್ತದೆ. ಆಗ ತೋಟಾಕ್ಕೆ ಸೊಂಟ ಬಂದಂತೆ ಕಾಣುತ್ತದೆ. ಸುತ್ತಲೂ ಒಂದೇ ಸಮನಾಗಿದ್ದು, ತೋಟಾ ಚೇಂಬರಿಗೆ ಸಲೀಸಾಗಿ ಇಳಿದರೆ ಅದು ಒಳ್ಳೆಯ ಲಕ್ಷಣ. ಕೇಸ್ ಗುಂಡನ್ನು ಗಟ್ಟಿಯಾಗಿ ಹಿಡಿದಿದೆ ಎಂದರ್ಥ. ಅದನ್ನು ಮುಟ್ಟಬೇಡಿ. ನೋಡಲು ಚೆನ್ನಾಗಿಲ್ಲ ಅಂತ ಸರಿಮಾಡಲು ಹೋಗಿ ಕೆಡಿಸಿಕೊಂಡವರು ಬಹಳ ಜನ.

ಕೈ ಹಾಕುವ ಮುನ್ನ

ಇಡೀ ಪರೀಕ್ಷೆಯನ್ನು ಡಮ್ಮಿ ತೋಟಾದಲ್ಲೇ ಮಾಡಿ. ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಟೊಪ್ಪಿ) ಇರಬಾರದು, ಮದ್ದು ಇರಬಾರದು. ಪ್ರೈಮರ್ ಜಾಗ ಖಾಲಿ ಇರುವುದು ಕಣ್ಣಿಗೆ ಕಾಣುತ್ತಿರಲಿ. ಕೆಲಸದ ಮೇಜಿನ ಮೇಲೆ ನಿಜವಾದ ತೋಟಾ ಒಂದೂ ಬೇಡ. ರೀಲೋಡಿಂಗ್ ಮಾಡಲು ನಿಮ್ಮ ದೇಶದ ಕಾನೂನಿನಲ್ಲಿ ಅನುಮತಿ ಇರಲೇಬೇಕು. ಮದ್ದಿನ ಪ್ರಮಾಣವನ್ನು ಅಚ್ಚಾದ ಲೋಡ್ ಪುಸ್ತಕದಿಂದಲೇ ತೆಗೆದುಕೊಳ್ಳಬೇಕು. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಏನನ್ನೂ ತಿನ್ನಬೇಡಿ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ಕ್ಯಾಲಿಪರ್, ಸಾಧ್ಯವಾದರೆ ಮೈಕ್ರೋಮೀಟರ್, ಅಳಿಸದ ಮಾರ್ಕರ್ ಪೆನ್, ಗುಂಡು ಕೀಳುವ ಪುಲ್ಲರ್, ಮತ್ತು ನಿಮ್ಮದೇ ಪಿಸ್ತೂಲಿನ ಬ್ಯಾರೆಲ್. ಗುಂಡಿನ ವ್ಯಾಸಕ್ಕೆ ಮೈಕ್ರೋಮೀಟರ್ ಬಳಸಿ ಎಂದು ಒತ್ತಿ ಹೇಳುತ್ತೇನೆ. ಸಾಮಾನ್ಯ ಕ್ಯಾಲಿಪರ್ ಒಂದು ಥೌ ಆಚೀಚೆ ತೋರಿಸಬಹುದು. ಇಲ್ಲಿ ನಮ್ಮ ಜಗಳವೆಲ್ಲ ಆ ಒಂದು ಥೌ ಬಗ್ಗೆಯೇ ಅಲ್ವಾ?

ಹಂತ 1: ಖಾಲಿ ಕೇಸ್ ಇಳಿಯುತ್ತದೆಯೇ ನೋಡಿ

ಮೊದಲು ಚೇಂಬರನ್ನು ಬ್ರಷ್ ಹಾಕಿ ಚೆನ್ನಾಗಿ ತೊಳೆಯಿರಿ. ಚೇಂಬರಿನ ತುದಿಯಲ್ಲಿ ಸೀಸವೋ ಮೇಣವೋ ಕಟ್ಟಿಕೊಂಡಿದ್ದರೆ ಸರಿಯಾದ ತೋಟಾ ಕೂಡ ಇಳಿಯುವುದಿಲ್ಲ.

ಈಗ ಸೈಜಿಂಗ್ ಡೈನಿಂದ ಬಂದ ಖಾಲಿ ಕೇಸನ್ನು ಬಿಡಿ. ಬಾಯಿ ಅರಳಿಸಿರಬಾರದು, ಗುಂಡು ಹಾಕಿರಬಾರದು. ಅದೇ ಇಳಿಯದಿದ್ದರೆ ತಪ್ಪು ಗುಂಡಿನದಲ್ಲ, ಕೇಸಿನ ಬುಡದ್ದು. ನೇರವಾಗಿ ಕೆಳಗಿರುವ 'ಬುಡದ ಉಬ್ಬು' ಎಂಬ ಭಾಗಕ್ಕೆ ಹೋಗಿ. ಖಾಲಿ ಕೇಸ್ ಇಳಿದು, ಗುಂಡು ಕೂರಿಸಿದ ಮೇಲೆ ಇಳಿಯದಿದ್ದರೆ ಮುಂದಿನ ಹಂತ.

ಹಂತ 2: ಮಾರ್ಕರ್ ಪೆನ್ ಪರೀಕ್ಷೆ

ಐದು ಡಮ್ಮಿ ತೋಟಾ ಮಾಡಿ. ಒಂದೊಂದಕ್ಕೂ ಗುಂಡಿನ ಮೂತಿಯಿಂದ ಕೇಸಿನ ಬುಡದವರೆಗೆ ಮಾರ್ಕರ್ ಬಳಿಯಿರಿ. ಒಣಗಿದ ಮೇಲೆ ಚೇಂಬರಿಗೆ ಬಿಟ್ಟು, ಬೆರಳಿನಿಂದ ಮೆಲ್ಲಗೆ ಒತ್ತಿ ಒಂದು ಸುತ್ತು ತಿರುಗಿಸಿ ತೆಗೆಯಿರಿ. ಬಣ್ಣ ಎಲ್ಲಿ ಉಜ್ಜಿಹೋಗಿದೆಯೋ ಅಲ್ಲೇ ತಡೆ ಇದೆ.

ಗುಂಡಿನ ಮೇಲೆ ಬಣ್ಣ ಹೋಗಿದ್ದರೆ ಅದು ಉಬ್ಬಿನ ಸಮಸ್ಯೆಯೇ ಅಲ್ಲ. ಗುಂಡಿನ ಭುಜ ಬ್ಯಾರೆಲ್ಲಿನ ಗಾಡಿ ಶುರುವಾಗುವ ಜಾಗಕ್ಕೆ ತಾಗುತ್ತಿದೆ, ಅಂದರೆ ತೋಟಾದ ಒಟ್ಟು ಉದ್ದ ಜಾಸ್ತಿಯಾಗಿದೆ. ಎರಕದ ಗುಂಡುಗಳ ಮೂತಿ ಬಹಳ ಸಲ ದುಂಡಗೆ, ದಪ್ಪಗೆ ಇರುತ್ತದೆ. ಹಾಗಾಗಿ ಪುಸ್ತಕದಲ್ಲಿರುವ ಗರಿಷ್ಠ ಉದ್ದ (9 ಎಂಎಂಗೆ 1.169 ಇಂಚು, .45 ಎಸಿಪಿಗೆ 1.275 ಇಂಚು) ನಿಮ್ಮ ಬ್ಯಾರೆಲ್ಲಿಗೆ ಹೊಂದಲೇಬೇಕೆಂದಿಲ್ಲ. ಗುಂಡನ್ನು ಸ್ವಲ್ಪ ಸ್ವಲ್ಪವೇ ಒಳಗಿಳಿಸಿ ಮತ್ತೆ ಪರೀಕ್ಷಿಸಿ. ಆದರೆ ಗಮನವಿಡಿ, ಗುಂಡು ಒಳಗಿಳಿದಷ್ಟೂ ಕೇಸಿನೊಳಗಿನ ಜಾಗ ಕಡಿಮೆಯಾಗುತ್ತದೆ, ಒತ್ತಡ ಏರುತ್ತದೆ. ಉದ್ದ ಬದಲಾದರೆ ಮದ್ದನ್ನು ಪುಸ್ತಕದ ಕನಿಷ್ಠ ಪ್ರಮಾಣಕ್ಕೆ ಇಳಿಸಿ, ಅಲ್ಲಿಂದ ಮತ್ತೆ ಶುರುಮಾಡಬೇಕು.

ಕೇಸಿನ ಬಾಯಿಯ ಅಂಚಿನಲ್ಲಿ ಬಣ್ಣ ಹೋಗಿದ್ದರೆ ಅರಳಿಸಿದ ಬಾಯಿ ಪೂರ್ತಿ ಮುಚ್ಚಿಲ್ಲ, ಇಲ್ಲವೇ ಅಲ್ಲಿ ಸೀಸದ ಉಂಗುರ ಉಳಿದಿದೆ. ಬಾಯಿಯ ಸ್ವಲ್ಪ ಕೆಳಗೆ ಸುತ್ತಲೂ ಹೋಗಿದ್ದರೆ ಕ್ರಿಂಪ್ ಅಥವಾ ದಪ್ಪ ಗುಂಡು. ಒಂದೇ ಬದಿಯಲ್ಲಿ ಹೋಗಿದ್ದರೆ ಗುಂಡು ಓರೆಯಾಗಿದೆ. ಗುಂಡಿನ ತಳ ಕೂರುವ ಎತ್ತರದಲ್ಲಿ ಹೋಗಿದ್ದರೆ ಕೇಸಿನ ಗೋಡೆ ಅಲ್ಲಿ ದಪ್ಪವಾಗಿದೆ.

ಹಂತ 3: ಸಣ್ಣ ಕೂಡುವ ಲೆಕ್ಕ

ಗುಂಡಿನ ವ್ಯಾಸಕ್ಕೆ ಕೇಸಿನ ಗೋಡೆಯ ದಪ್ಪವನ್ನು ಎರಡು ಸಲ ಕೂಡಿಸಿ. ತೋಟಾದ ಬಾಯಿಯ ಹೊರ ಅಳತೆ ಅಷ್ಟೇ ಬರಬೇಕು.

9 ಎಂಎಂ ಕೇಸಿನ ಬಾಯಿಯ ಹತ್ತಿರ ಗೋಡೆ 0.011 ಇಂಚು ಇದೆ ಅಂದುಕೊಳ್ಳಿ. 0.356ರ ಗುಂಡು ಹಾಕಿದರೆ 0.378 ಆಗುತ್ತದೆ. 0.358ರ ಗುಂಡು ಹಾಕಿದರೆ 0.380. ತೋಟಾಕ್ಕೆ ಇರುವ ಗರಿಷ್ಠ ಮಿತಿಯೂ 0.380. ಅಂದರೆ ಗೋಡೆ 0.012 ಇರುವ ಕೇಸ್ ಒಂದು ನಡುವೆ ಬಂದರೆ ಲೆಕ್ಕ 0.382ಕ್ಕೆ ಏರಿ ಮಿತಿ ದಾಟಿತು. ಬೇರೆ ಬೇರೆ ತಯಾರಕರ ಕೇಸುಗಳನ್ನು ಬೆರೆಸಿದಾಗ ಕೆಲವು ಇಳಿದು ಕೆಲವು ನಿಲ್ಲುವ ಗುಟ್ಟು ಇದೇ. .45 ಎಸಿಪಿಯಲ್ಲಿ 0.452ಕ್ಕೆ 0.0105ರ ಎರಡು ಗೋಡೆ ಕೂಡಿಸಿದರೆ 0.473, ಅದೂ ಸರಿಯಾಗಿ ಮಿತಿಯ ಮೇಲೆಯೇ.

ಲೆಕ್ಕದಲ್ಲೇ ಮಿತಿ ಮೀರಿದರೆ ಡೈಗಳನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ತೆಳು ಗೋಡೆಯ ಕೇಸುಗಳನ್ನು ಬೇರೆ ಮಾಡಿ ಬಳಸಿ, ಅಥವಾ ಗುಂಡನ್ನು ಒಂದು ಥೌ ಕಡಿಮೆಗೆ ಸೈಜ್ ಮಾಡಿ. ಆದರೆ ಅದಕ್ಕೆ ಮುಂಚೆ ಬ್ಯಾರೆಲ್ಲನ್ನು ಅಳೆಯಿರಿ. ಎಣ್ಣೆ ಸವರಿದ ಬ್ಯಾರೆಲ್ಲಿಗೆ ಮೆತ್ತನೆಯ ಸೀಸದ ತುಂಡನ್ನು ಮರದ ಅಥವಾ ಹಿತ್ತಾಳೆಯ ಕಡ್ಡಿಯಿಂದ ತಳ್ಳಿ, ಆಚೆ ಬಂದ ತುಂಡಿನ ಅಗಲವಾದ ಭಾಗವನ್ನು ಮೈಕ್ರೋಮೀಟರಿನಲ್ಲಿ ನೋಡಿ. ಗುಂಡು ಅದಕ್ಕಿಂತ ಒಂದು ಥೌ ಆದರೂ ಜಾಸ್ತಿ ಇರಲೇಬೇಕು. ಪೌಡರ್ ಕೋಟ್ ಮಾಡಿದ ಗುಂಡಾದರೆ ಬಣ್ಣದ ಪದರವೇ ಒಂದೆರಡು ಥೌ ಸೇರಿಸಿರುತ್ತದೆ. ಕೋಟ್ ಬೇಯಿಸಿದ ಮೇಲೆ ಮತ್ತೊಮ್ಮೆ ಸೈಜ್ ಮಾಡಬೇಕು.

ಒಂದೇ ಬದಿಯ ಉಬ್ಬು: ಓರೆ ಕೂತ ಗುಂಡು

ನನ್ನ ಅನುಭವದಲ್ಲಿ ಅತಿ ಹೆಚ್ಚು ಕಾಣುವುದು ಇದೇ. ಒಂದು ಬದಿಯಲ್ಲಿ ಗುಂಡಿನ ತಳದ ಅಂಚು ಹಿತ್ತಾಳೆಯ ಮೇಲೆ ಚಂದ್ರನ ಗೆರೆಯಂತೆ ಮೂಡಿರುತ್ತದೆ, ಎದುರು ಬದಿ ನೆಟ್ಟಗಿರುತ್ತದೆ. ಗುಂಡು ಕೇಸಿನ ಬಾಯಿಯಲ್ಲಿ ವಾಲಿ ನಿಂತು, ವಾಲಿಕೊಂಡೇ ಒಳಗೆ ಹೋಗಿದೆ.

ಮೊದಲ ಪರಿಹಾರ ಕೇಸಿನ ಬಾಯಿ ಅರಳಿಸುವ ಸಾಧನವಾದ ಎಕ್ಸ್‌ಪ್ಯಾಂಡರ್‌ನಲ್ಲಿದೆ. ಜಾಕೆಟ್ ಗುಂಡಿಗೆ ಮಾಡಿದ ಎಕ್ಸ್‌ಪ್ಯಾಂಡರ್ ಕಡ್ಡಿಯನ್ನು ಬಿಚ್ಚಿ ಅಳೆದು ನೋಡಿ. ಅದು ಎರಕದ ಗುಂಡಿಗಿಂತ ನಾಲ್ಕೈದು ಥೌ ಸಪೂರ ಇರಬಹುದು. ಗಿಡ್ಡವೂ ಇರುತ್ತದೆ. ಆಗ ಕೇಸಿನ ಬಾಯಿ ಮಾತ್ರ ಅರಳುತ್ತದೆ, ಕೆಳಗೆ ಹಾಗೇ ಬಿಗಿಯಾಗಿ ಉಳಿಯುತ್ತದೆ. ಮೆತ್ತನೆಯ ಗುಂಡು ಆ ಬಿಗಿಗೆ ಬಡಿದು ಓರೆಯಾಗುತ್ತದೆ.

ಎರಕದ ಗುಂಡಿಗೆ ಬೇಕಾದ ಕಡ್ಡಿ ಗುಂಡಿನ ವ್ಯಾಸಕ್ಕಿಂತ ಒಂದೆರಡು ಥೌ ಮಾತ್ರ ಸಪೂರ ಇರಬೇಕು. ಗುಂಡಿನ ತಳ ತಲುಪುವ ಆಳದ ಹತ್ತಿರದವರೆಗೂ ಅದು ಇಳಿಯಬೇಕು. ಲೈಮನ್ ಕಂಪನಿಯ 'ಎಂ' ಡೈ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಕಡ್ಡಿಯಲ್ಲಿ ಎರಡು ಮೆಟ್ಟಿಲು. ಕೆಳಗಿನ ಭಾಗ ಗುಂಡಿಗಿಂತ ತುಸು ಚಿಕ್ಕದು, ಮೇಲಿನ ಗಿಡ್ಡ ಮೆಟ್ಟಿಲು ತುಸು ದೊಡ್ಡದು. ಬಾಯಿಯಲ್ಲಿ ಗುಂಡಿಗೆ ಒಂದು ಪುಟ್ಟ ಪೀಠ ಸಿಗುತ್ತದೆ. ಗುಂಡು ಅದರಲ್ಲಿ ಬಾವಿಕಟ್ಟೆಯ ಮೇಲಿಟ್ಟ ಕೊಡದ ಹಾಗೆ ನೆಟ್ಟಗೆ ನಿಲ್ಲುತ್ತದೆ. 9 ಎಂಎಂಗೆ ಎರಕದ ಗುಂಡು ಹಾಕುವ ಅನೇಕರು .38 ಎಸ್ ಅಂಡ್ ಡಬ್ಲ್ಯೂ ತೋಟಾದ ಎಕ್ಸ್‌ಪ್ಯಾಂಡರ್ ಕಡ್ಡಿಯನ್ನೇ ಬಳಸುತ್ತಾರೆ, ಅದು ಸ್ವಲ್ಪ ದಪ್ಪ ಇರುವುದರಿಂದ. ಹಾಗೆ ಮಾಡುವುದಾದರೆ ಕೊಳ್ಳುವ ಮುನ್ನ ಅಳತೆ ಕೇಳಿಕೊಳ್ಳಿ. ಗುಂಡಿನಷ್ಟೇ ದಪ್ಪವಿದ್ದರೆ ಕೇಸಿನ ಹಿಡಿತ ಸಡಿಲವಾಗುತ್ತದೆ.

ಬಾಯಿ ಎಷ್ಟು ಅರಳಿಸಬೇಕು? ಗುಂಡನ್ನು ಕೈಯಲ್ಲಿ ಇಟ್ಟು ಬಿಟ್ಟರೆ ಅದು ವಾಲದೆ ನಿಲ್ಲುವಷ್ಟು. ಗುಂಡಿನ ತಳದ ಅಂಚು ಬಾಯಿಯೊಳಗೆ ಕೂದಲೆಳೆಯಷ್ಟಾದರೂ ಇಳಿದಿರಬೇಕು. ಅದಕ್ಕಿಂತ ಜಾಸ್ತಿ ಅರಳಿಸಿದರೆ ಹಿತ್ತಾಳೆ ಬೇಗ ದಣಿದು ಬಾಯಿ ಸೀಳುತ್ತದೆ. ಕಡಿಮೆಯಾದರೆ ಬಾಯಿ ಗುಂಡಿನಿಂದ ಸೀಸವನ್ನು ಹೆರೆಯುತ್ತದೆ. ಹೆರೆದ ಸೀಸ ಬಾಯಿಯ ಸುತ್ತ ಬೆಳ್ಳಿ ದಾರದಂತೆ ಕಾಣುತ್ತದೆ. ಅದೊಂದೇ ಸಾಕು ತೋಟಾವನ್ನು ಚೇಂಬರಿನಲ್ಲಿ ತಡೆಯಲು.

ಎರಡನೆಯದು ಸೀಟಿಂಗ್ ಕಡ್ಡಿ, ಗುಂಡನ್ನು ಕೇಸಿನೊಳಗೆ ಒತ್ತಿ ಕೂರಿಸುವಂಥದ್ದು. ಅದರ ತುದಿಯ ಬಟ್ಟಲು ನಿಮ್ಮ ಗುಂಡಿನ ಮೂತಿಗೆ ಹೊಂದಬೇಕು. ದುಂಡು ಮೂತಿಗೆ ಮಾಡಿದ ಬಟ್ಟಲು ಚಪ್ಪಟೆ ಮೂತಿಯ ಗುಂಡನ್ನು ಅಂಚಿನಲ್ಲಿ ಹಿಡಿದು ಪಕ್ಕಕ್ಕೆ ತಳ್ಳುತ್ತದೆ. ಬೇರೆ ಕಡ್ಡಿ ಸಿಗದಿದ್ದರೆ, ಬಟ್ಟಲಿನಲ್ಲಿ ಎಪಾಕ್ಸಿ ತುಂಬಿ, ಮೇಣದ ಪಾಲಿಶ್ ಸವರಿದ ಗುಂಡನ್ನು ಒತ್ತಿ ಹಿಡಿದರೆ ನಿಮ್ಮ ಗುಂಡಿಗೇ ಸರಿಹೊಂದುವ ಅಚ್ಚು ಸಿದ್ಧವಾಗುತ್ತದೆ.

ಮೂರನೆಯದನ್ನು ಯಾರೂ ಗಮನಿಸುವುದಿಲ್ಲ: ಕೊಳೆ. ಎರಕದ ಗುಂಡಿಗೆ ಸವರಿದ ಲೂಬ್ರಿಕೆಂಟ್ ಸೀಟಿಂಗ್ ಡೈ ಒಳಗೆ ಸ್ವಲ್ಪ ಸ್ವಲ್ಪವೇ ಸೇರುತ್ತದೆ. ಹೆರೆದ ಸೀಸದ ಚೂರೂ ಅದಕ್ಕೆ ಅಂಟುತ್ತದೆ. ಮೊದಲ ಐವತ್ತು ತೋಟಾ ಚೆನ್ನಾಗಿ ಬಂದು ಆಮೇಲಿನವು ಕೆಟ್ಟರೆ, ಅಥವಾ ಒಟ್ಟು ಉದ್ದ ಮೆಲ್ಲಗೆ ಕಡಿಮೆಯಾಗುತ್ತಾ ಬಂದರೆ, ಡೈ ಬಿಚ್ಚಿ ಒರೆಸಿ. ಉದ್ದ ಕಡಿಮೆಯಾದರೆ ಒತ್ತಡ ಏರುತ್ತದೆ ಎಂದು ಮೇಲೆ ಹೇಳಿದ್ದೇನೆ. ಹಾಗಾಗಿ ಇದು ಬರೀ ಸ್ವಚ್ಛತೆಯ ವಿಷಯವಲ್ಲ.

ಇನ್ನೊಂದು ಸಣ್ಣ ಅಭ್ಯಾಸ. ಗುಂಡನ್ನು ಅರ್ಧ ಕೂರಿಸಿ, ಪ್ರೆಸ್ ಇಳಿಸಿ, ತೋಟಾವನ್ನು ಅರ್ಧ ಸುತ್ತು ತಿರುಗಿಸಿ ಉಳಿದರ್ಧ ಕೂರಿಸಿ. ನಿಧಾನವಾಗುತ್ತದೆ, ಆದರೆ ಓರೆ ಬಹಳ ಕಡಿಮೆಯಾಗುತ್ತದೆ.

ಬಾಯಿಯ ಕೆಳಗೆ ಸುತ್ತಲೂ ಉಬ್ಬು: ಕೂರಿಸುವುದು, ಕ್ರಿಂಪ್ ಮಾಡುವುದು ಒಟ್ಟಿಗೇ ಆದರೆ

ಹೆಚ್ಚಿನ ಸೀಟಿಂಗ್ ಡೈಗಳು ಎರಡೂ ಕೆಲಸ ಒಂದೇ ಏಟಿಗೆ ಮಾಡುತ್ತವೆ. ಕೇಸಿನ ಬಾಯಿ ಮುಚ್ಚಿಕೊಂಡು ಗುಂಡನ್ನು ಹಿಡಿಯುವ ಹೊತ್ತಿಗೂ ಗುಂಡು ಇನ್ನೂ ಕೆಳಗಿಳಿಯುತ್ತಿರುತ್ತದೆ. ಬಾಯಿ ಸೀಸಕ್ಕೆ ಕಚ್ಚಿಕೊಂಡು, ಕೆಳಗಿನ ಹಿತ್ತಾಳೆ ಹೊರಕ್ಕೆ ಮಡಚುತ್ತದೆ. ಜಾಕೆಟ್ ಗುಂಡಿನ ಜಾರುವ ಮೈ ಇದನ್ನು ಸ್ವಲ್ಪ ಸಹಿಸುತ್ತದೆ, ಎರಕದ್ದು ಸಹಿಸುವುದಿಲ್ಲ. ಪರಿಹಾರ ಎಂದರೆ ಎರಡನ್ನೂ ಬೇರೆ ಮಾಡುವುದು:

1. ಸೀಟಿಂಗ್ ಕಡ್ಡಿಯನ್ನು ಪೂರ್ತಿ ಮೇಲೆತ್ತಿ. ಸೈಜ್ ಆದ, ಬಾಯಿ ಅರಳಿಸದ ಖಾಲಿ ಕೇಸನ್ನು ಪ್ರೆಸ್ಸಿನಲ್ಲಿ ಮೇಲಕ್ಕೊಯ್ಯಿರಿ. ಡೈಯನ್ನು ಮೆಲ್ಲಗೆ ತಿರುಗಿಸುತ್ತಾ ಬಂದರೆ ಒಳಗಿನ ಕ್ರಿಂಪ್ ಮೆಟ್ಟಿಲು ಕೇಸಿಗೆ ತಾಗುವುದು ಕೈಗೆ ತಿಳಿಯುತ್ತದೆ.
2. ಅಲ್ಲಿಂದ ಡೈಯನ್ನು ಒಂದು ಸುತ್ತು ಹಿಂದಕ್ಕೆ ಬಿಚ್ಚಿ ಲಾಕ್ ಮಾಡಿ. ಈಗ ಅದು ಕ್ರಿಂಪ್ ಮಾಡುವುದಿಲ್ಲ.
3. ಸೀಟಿಂಗ್ ಕಡ್ಡಿಯನ್ನು ಇಳಿಸುತ್ತಾ ಬೇಕಾದ ಒಟ್ಟು ಉದ್ದಕ್ಕೆ ಗುಂಡು ಕೂರಿಸಿ. ಎಲ್ಲ ತೋಟಾಗಳಿಗೂ ಇಷ್ಟೇ ಮಾಡಿ ಮುಗಿಸಿ.
4. ಬೇರೆ ಟೇಪರ್ ಕ್ರಿಂಪ್ (ಬಾಯಿಯನ್ನು ಇಳಿಜಾರಾಗಿ ಒಳಕ್ಕೆ ಒತ್ತುವ) ಡೈ ಹಾಕಿ ಬಾಯಿ ಮುಚ್ಚಿ. ಬೇರೆ ಡೈ ಇಲ್ಲದಿದ್ದರೆ ಅದೇ ಡೈಯ ಕಡ್ಡಿಯನ್ನು ಪೂರ್ತಿ ಮೇಲೆತ್ತಿ, ಮೈಯನ್ನು ಕೆಳಗಿಳಿಸಿ ಎರಡನೇ ಸುತ್ತು ಮಾಡಿ.

9 ಎಂಎಂ, .40, .45 ಎಸಿಪಿ ತೋಟಾಗಳು ಚೇಂಬರಿನಲ್ಲಿ ಬಾಯಿಯ ಅಂಚಿನ ಮೇಲೆ ಕೂರುತ್ತವೆ. ಅವಕ್ಕೆ ಕ್ರಿಂಪ್ ಅಂದರೆ ಅರಳಿಸಿದ್ದನ್ನು ನೆಟ್ಟಗೆ ಮಾಡುವುದು, ಅಷ್ಟೇ. ಹಂತ 3ರ ಲೆಕ್ಕದ ಅಳತೆ ಬಂದ ಕೂಡಲೇ ನಿಲ್ಲಿಸಿ. ರಿವಾಲ್ವರಿನ .38 ಸ್ಪೆಷಲ್, .357 ಮ್ಯಾಗ್ನಂಗೆ ರೋಲ್ ಕ್ರಿಂಪ್ (ಬಾಯಿಯ ಅಂಚನ್ನು ಒಳಕ್ಕೆ ಮಡಚುವುದು) ಬೇಕು, ಆದರೆ ಬಾಯಿ ಗುಂಡಿನ ಕ್ರಿಂಪ್ ಗಾಡಿಗೆ ಸರಿಯಾಗಿ ಬರಬೇಕು. ಕೇಸುಗಳ ಉದ್ದ ಒಂದೇ ಸಮ ಇಲ್ಲದಿದ್ದರೆ ಉದ್ದದ ಕೇಸಿಗೆ ಕ್ರಿಂಪ್ ಜಾಸ್ತಿಯಾಗಿ ಅದು ಮಾತ್ರ ಉಬ್ಬುತ್ತದೆ. ಹಾಗಾದರೆ ಟ್ರಿಮ್ ಮಾಡಿ ಸಮ ಮಾಡಿಕೊಳ್ಳಿ.

ಗುಂಡಿನ ತಳದ ಎತ್ತರದಲ್ಲಿ ಉಬ್ಬು

ಕೇಸಿನ ಗೋಡೆ ಬಾಯಿಯಿಂದ ಬುಡಕ್ಕೆ ಹೋದಂತೆ ದಪ್ಪವಾಗುತ್ತದೆ. ಉದ್ದ ಗುಂಡು, ಉದಾಹರಣೆಗೆ 9 ಎಂಎಂನ 147 ಗ್ರೇನ್ ತೂಕದ್ದು, ಆ ದಪ್ಪ ಭಾಗಕ್ಕೆ ತಲುಪಿ ಅಲ್ಲಿ ಕೇಸನ್ನು ಹೊರಕ್ಕೆ ತಳ್ಳುತ್ತದೆ. ಆಳ ಎಷ್ಟೆಂದು ತಿಳಿಯಲು ಗುಂಡಿನ ಉದ್ದಕ್ಕೆ ಕೇಸಿನ ಉದ್ದ ಕೂಡಿಸಿ, ತೋಟಾದ ಒಟ್ಟು ಉದ್ದ ಕಳೆಯಿರಿ. ಗುಂಡು 0.650, ಕೇಸ್ 0.750, ಒಟ್ಟು 1.130 ಇದ್ದರೆ ಗುಂಡು 0.270 ಇಂಚು ಒಳಗಿದೆ.

ಚೇಂಬರ್ ಬಿಡುವಷ್ಟು ಉದ್ದವಾಗಿ ಕೂರಿಸುವುದು, ಹಗುರವಾದ ಗಿಡ್ಡ ಗುಂಡು ಬಳಸುವುದು, ಒಳಗೆ ತೆಳುವಾಗಿರುವ ಕೇಸ್ ಆರಿಸುವುದು, ಇವೇ ದಾರಿಗಳು. 9 ಎಂಎಂನಲ್ಲಿ ಒಳಗೋಡೆಯಲ್ಲಿ ಮೆಟ್ಟಿಲು ಇರುವ ಕೇಸುಗಳೂ ಓಡಾಡುತ್ತಿವೆ. ಟಾರ್ಚ್ ಹಾಕಿ ಒಳಗೆ ನೋಡಿದರೆ ಉಂಗುರದಂತೆ ಕಾಣುತ್ತದೆ. ಅವನ್ನು ಮತ್ತೆ ತುಂಬಬೇಡಿ, ಎಸೆದುಬಿಡಿ. .38 ಸ್ಪೆಷಲ್‌ನಲ್ಲಿ ಪೂರ್ತಿ ಒಳಗೆ ಕೂರುವ, ಚಪ್ಪಟೆ ಮೂತಿಯ 148 ಗ್ರೇನ್ ವಾಡ್‌ಕಟರ್‌ಗೂ ಇದೇ ಕಾಟ. ಅದಕ್ಕೆಂದೇ ಆಳದವರೆಗೂ ತೆಳುವಾಗಿರುವ ವಾಡ್‌ಕಟರ್ ಕೇಸುಗಳು ಬರುತ್ತವೆ.

ಬುಡದ ಉಬ್ಬು

ಇದು ಗುಂಡು ಹಾರಿಸಿದಾಗ ಬಂದದ್ದು. ಚೇಂಬರಿನ ಕೆಳಭಾಗದಲ್ಲಿ ಆಸರೆ ಕಡಿಮೆ ಇರುವ ಪಿಸ್ತೂಲುಗಳಲ್ಲಿ ಕೇಸಿನ ಬುಡ ಹೊರಕ್ಕೆ ಉಬ್ಬುತ್ತದೆ. ಸೈಜಿಂಗ್ ಡೈ ಶೆಲ್ ಹೋಲ್ಡರಿನ (ಪ್ರೆಸ್ಸಿನಲ್ಲಿ ಕೇಸಿನ ಬುಡ ಹಿಡಿಯುವ ಭಾಗದ) ಹತ್ತಿರದವರೆಗೂ ಇಳಿದಿದೆಯೇ ನೋಡಿ. ಎಷ್ಟೋ ಸಲ ಕಾಲು ಸುತ್ತು ಇಳಿಸಿದರೆ ಮುಗಿಯಿತು. .40, .45ರಂಥ ನೇರ ಕೇಸುಗಳನ್ನು ಪೂರ್ತಿ ತೂರಿಸಿ ಸರಿಮಾಡುವ ಡೈಗಳೂ ಇವೆ. 9 ಎಂಎಂ ಕೇಸ್ ಬುಡದಿಂದ ಬಾಯಿಗೆ ಸಪೂರವಾಗುವುದರಿಂದ ಅದಕ್ಕೆ ಆ ವಿಧಾನ ಹೊಂದುವುದಿಲ್ಲ. ಏನೇ ಇರಲಿ, ಖಾಲಿ ಕೇಸನ್ನು ಮಾತ್ರ ಹೀಗೆ ತೂರಿಸಬೇಕು, ತುಂಬಿದ ತೋಟಾವನ್ನು ಎಂದಿಗೂ ಅಲ್ಲ. ಬುಡದಲ್ಲಿ ಹೊಳೆಯುವ ಗೆರೆ, ಬಿರುಕು ಅಥವಾ ನಗುವ ಬಾಯಿಯಂಥ ಮಡಿಕೆ ಕಂಡರೆ ಆ ಕೇಸಿನ ಆಯುಷ್ಯ ಮುಗಿದಿದೆ.

ಹಿಂಡುವ ಡೈ ಏಕೆ ಬೇಡ

ಹಿತ್ತಾಳೆಯನ್ನು ಒತ್ತಿ ಬಿಟ್ಟರೆ ಅದು ತುಸು ಹಿಂದಕ್ಕೆ ಚಿಮ್ಮುತ್ತದೆ. ಸೀಸಕ್ಕೆ ಆ ಗುಣವಿಲ್ಲ, ಒತ್ತಿದಲ್ಲೇ ಉಳಿಯುತ್ತದೆ. ತುಂಬಿದ ತೋಟಾವನ್ನು ಹಿಂಡಿದಾಗ ಗುಂಡು ಸಣ್ಣದಾಗಿ ಹಾಗೇ ಇರುತ್ತದೆ, ಕೇಸ್ ಮಾತ್ರ ಹಿಂದಕ್ಕೆ ಬರುತ್ತದೆ. ನಡುವೆ ಹಿಡಿತ ಸಡಿಲ. ಅಂಥ ಗುಂಡು, ತೋಟಾವನ್ನು ಚೇಂಬರಿಗೆ ಹತ್ತಿಸುವ ಇಳಿಜಾರಿಗೆ, ಅಂದರೆ ಪಿಸ್ತೂಲಿನ ಫೀಡ್ ರ‍್ಯಾಂಪಿಗೆ ಬಡಿದಾಗ ಒಳಕ್ಕೆ ಸರಿಯಬಹುದು, ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಕ್ರಿಂಪ್ ಬಿಗಿ ಮಾಡಿದರೆ ಹಿಡಿತ ಬರುತ್ತದೆ ಎಂಬುದೂ ತಪ್ಪು ತಿಳುವಳಿಕೆ. ಈ ತೋಟಾಗಳಲ್ಲಿ ಹಿಡಿತ ಕೊಡುವುದು ಕೇಸಿನ ಗೋಡೆ.

ಸೆಟ್ಟಿಂಗ್ ಸರಿಯಾಯಿತು ಅನ್ನಿಸಿದ ಮೇಲೆ ಎರಡು ಪರೀಕ್ಷೆ ಮಾಡಿ. ಒಂದು ಡಮ್ಮಿಯ ಒಟ್ಟು ಉದ್ದ ಬರೆದಿಟ್ಟು, ಗುಂಡಿನ ಮೂತಿಯನ್ನು ಮರದ ಮೇಜಿನ ಅಂಚಿಗೆ ಹೆಬ್ಬೆರಳಿನ ಬಲದಿಂದ ಗಟ್ಟಿಯಾಗಿ ಒತ್ತಿ, ಮತ್ತೆ ಅಳೆಯಿರಿ. ಉದ್ದ ಬದಲಾಗಬಾರದು. ಇನ್ನೊಂದು ಡಮ್ಮಿಯಿಂದ ಗುಂಡು ಕಿತ್ತು ಮೈಕ್ರೋಮೀಟರಿನಲ್ಲಿ ನೋಡಿ. ಹಾಕುವಾಗ ಇದ್ದ ವ್ಯಾಸವೇ ಇರಬೇಕು. ಒಂದು ಥೌಗಿಂತ ಜಾಸ್ತಿ ಕಡಿಮೆಯಾಗಿದ್ದರೆ ಎಕ್ಸ್‌ಪ್ಯಾಂಡರ್ ಇನ್ನೂ ಸಪೂರವಿದೆ, ಅಥವಾ ಕ್ರಿಂಪ್ ಜಾಸ್ತಿಯಾಗಿದೆ, ಅಥವಾ ಸೀಸದ ಮಿಶ್ರಣ ತೀರಾ ಮೆತ್ತಗಿದೆ.

ಈಗಾಗಲೇ ಉಬ್ಬಿರುವ ತೋಟಾಗಳನ್ನು ಏನು ಮಾಡುವುದು?

ಒಂದೊಂದನ್ನೂ ಬ್ಯಾರೆಲ್ಲಿಗೆ ಬಿಟ್ಟು ನೋಡಿ. ಇಳಿದು, ಸಲೀಸಾಗಿ ತಿರುಗಿ, ಬ್ಯಾರೆಲ್ ಬೋರಲು ಹಾಕಿದಾಗ ತನ್ನ ಭಾರಕ್ಕೇ ಬಿದ್ದರೆ ಅದು ಸರಿ. ಇಳಿಯದ್ದನ್ನು ಪಿಸ್ತೂಲಿನ ಸ್ಲೈಡ್ ಬಡಿದು ಒಳಗೆ ತಳ್ಳಬೇಡಿ. ಪೂರ್ತಿ ಲಾಕ್ ಆಗದ ಪಿಸ್ತೂಲಿನಲ್ಲಿ ಗುಂಡು ಸಿಡಿದರೆ ಕೈಗೂ ಕಣ್ಣಿಗೂ ಅಪಾಯ. ಅವನ್ನು ಬೇರೆ ಡಬ್ಬಿಗೆ ಹಾಕಿ, ಮೇಲೆ 'ಕೀಳಬೇಕು' ಎಂದು ಬರೆದಿಡಿ. ಕನ್ನಡಕ ಹಾಕಿಕೊಂಡು ಪುಲ್ಲರಿನಲ್ಲಿ ಒಂದೊಂದಾಗಿ ಗುಂಡು ಕೀಳಿ. ಯಾವ ಮದ್ದೆಂದು ಖಾತ್ರಿ ಇಲ್ಲದಿದ್ದರೆ ಅದನ್ನು ಮತ್ತೆ ಬಳಸಬೇಡಿ. ಕಿತ್ತ ಗುಂಡನ್ನು ಅಳೆದು, ಸಣ್ಣದಾಗಿದ್ದರೆ ಕರಗಿಸಲು ಎತ್ತಿಡಿ. ಪ್ರೈಮರ್ ಇರುವ ಕೇಸನ್ನು ಹಾಗೇ ಇಟ್ಟು, ಬಾಯಿ ಸೀಳಿಲ್ಲದಿದ್ದರೆ ಪ್ರೈಮರ್ ತೆಗೆಯುವ ಪಿನ್ ಬಿಚ್ಚಿದ ಸೈಜಿಂಗ್ ಡೈಯಲ್ಲಿ ಮೆಲ್ಲಗೆ ಸೈಜ್ ಮಾಡಿ, ಸರಿಯಾದ ಎಕ್ಸ್‌ಪ್ಯಾಂಡರ್ ಹಾಕಿ ಮತ್ತೆ ತುಂಬಬಹುದು.